ನಂಜೆಂಬ ಶಬ್ದವೂ ಸೆಪ್ಸಿಸ್ ಎಂಬ ರೋಗವೂ

ಗಾಯವು ಕೆಂಪೇರಿ ಕೀವುಗಟ್ಟಿ ಜ್ವರ ಬಂದರೆ ‘ನಂಜಾಗಿದೆ’ ಎಂದು ಕನ್ನಡಿಗರು ಹೇಳುವುದುಂಟು. ನಂಜೆಂದರೆ ವಿಷ. ತಮಿಳಿನಲ್ಲಿಯೂ ಇದರ ಸೋದರ ಶಬ್ದವಿದೆ. ಹಾಲಾಹಲವನ್ನು ಕುಡಿದ ಶಿವನು ನಂಜುಂಡನೆನಿಸಿದುದು ಈ ಶಬ್ದದಿಂದಲೇ. ಗಾಯವಾದವರಿಗೆ ಬದನೆಕಾಯಿಯನ್ನು ‘ನಂಜು’ ಎಂದು ಬಡಿಸದಿರುವ ವಾಡಿಕೆ ಅನೇಕ ಮನೆಗಳಲ್ಲಿ ಇನ್ನೂ ಅಳಿದಿಲ್ಲ. ಈ ಪ್ರಯೋಗಗಳಲ್ಲೆಲ್ಲ ಅಡಗಿರುವ ಭಾವನೆ ಒಂದೇ: ಕೇಡು ಹೊರಗಿನಿಂದ ಬಂದುದು, ಅದು ಮೈಗೇರುತ್ತದೆ, ಕೊಲ್ಲುತ್ತದೆ. ವೈದ್ಯರು ಸೆಪ್ಸಿಸ್ ಎಂದು ಕರೆಯುವ ರೋಗಕ್ಕೆ ಕನ್ನಡದಲ್ಲಿ ಅತಿ ಸಮೀಪವಾದ ಶಬ್ದ ಇದೇ. ಆದರೆ ಆ ರೋಗದ ವಿಷಯವಾಗಿ ಇಂದು ತಿಳಿದಿರುವುದರಲ್ಲಿ ಅರ್ಧವನ್ನು ಮಾತ್ರ ಇದು ಹೇಳುತ್ತದೆ. ಉಳಿದರ್ಧವನ್ನು ಅರಿಯದಿದ್ದರೆ ಪ್ರಾಣಕ್ಕೇ ಅಪಾಯವಿರುವುದರಿಂದ ಇದು ಬರಿಯ ಶಬ್ದವಿಚಾರವಲ್ಲ.

ಸೆಪ್ಸಿಸ್ ಎಂಬುದು ಗ್ರೀಕ್ ಶಬ್ದ; ಕೊಳೆಯುವಿಕೆ ಎಂದರ್ಥ. ಇದರ ಧಾತುವು ಹೋಮರನ ಇಲಿಯಡ್ ಕಾವ್ಯದಲ್ಲಿಯೇ ಬಂದಿದೆ: ಒಂದೆಡೆ ಹಡಗುಗಳ ಮರ ಕೊಳೆತುದನ್ನು ಹೇಳುವಲ್ಲಿ, ಇನ್ನೊಂದೆಡೆ ಹೆಕ್ಟರನ ಶವವು ಕೊಳೆಯದೆ ಉಳಿದುದನ್ನು ಹೇಳುವಲ್ಲಿ. ಗ್ರೀಕರು ಕೊಳೆತವನ್ನು ಕಂಡರು, ಕನ್ನಡಿಗರು ವಿಷವನ್ನು ಕಂಡರು. ಇಬ್ಬರ ದೃಷ್ಟಿಯೂ ಗಾಯದ ಮೇಲೆಯೇ ನಿಂತಿತು.

ಕೇಡು ಹೊರಗಿನಿಂದ ಬರುತ್ತದೆಂಬುದು ಸುಳ್ಳಲ್ಲ. ಅದನ್ನು ಕಂಡುಕೊಂಡ ಕಥೆ ಮಾತ್ರ ಬಹಳ ಶೋಕಕರವಾದುದು. ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆಯ ವಿಭಾಗಗಳಿದ್ದುವು. ಒಂದನ್ನು ವೈದ್ಯರೂ ವಿದ್ಯಾರ್ಥಿಗಳೂ, ಇನ್ನೊಂದನ್ನು ಸೂಲಗಿತ್ತಿಯರೂ ನೋಡಿಕೊಳ್ಳುತ್ತಿದ್ದರು. ಸೂತಿಕಾಜ್ವರದಿಂದ ಸಾಯುವ ಬಾಣಂತಿಯರು ವೈದ್ಯರ ವಿಭಾಗದಲ್ಲಿಯೇ ಹೆಚ್ಚು. ತಮ್ಮನ್ನು ಅಲ್ಲಿಗೆ ಸೇರಿಸಬೇಡಿರೆಂದು ಗರ್ಭಿಣಿಯರು ಅಂಗಲಾಚುತ್ತಿದ್ದರು. ೧೮೪೭ರ ಮಾರ್ಚಿಯಲ್ಲಿ ಕೊಲ್ಲೆಚ್ಕಾ ಎಂಬ ವೈದ್ಯನಿಗೆ ಶವಚ್ಛೇದದ ಸಮಯದಲ್ಲಿ ವಿದ್ಯಾರ್ಥಿಯೊಬ್ಬನ ಕತ್ತಿ ಬೆರಳಿಗೆ ತಗಲಿ, ಆತನು ಜ್ವರದಿಂದ ಮಡಿದನು. ಆತನ ದೇಹದಲ್ಲಿ ಕಂಡ ವಿಕಾರಗಳು ಬಾಣಂತಿಯರ ದೇಹದಲ್ಲಿ ಕಂಡವುಗಳಂತೆಯೇ ಇದ್ದುದನ್ನು ಆತನ ಮಿತ್ರನಾದ ಸೆಮ್ಮೆಲ್‌ವೈಸನು ಗಮನಿಸಿದನು. ಶವಗಳನ್ನು ಕೊಯ್ದ ಕೈಗಳೇ ಹೆರಿಗೆಯ ಕೋಣೆಗೆ ಮೃತ್ಯುವನ್ನು ಒಯ್ಯುತ್ತಿದ್ದುವು! ಮೇ ತಿಂಗಳಿಂದ ಎಲ್ಲರೂ ಕ್ಲೋರಿನ್ ಬೆರೆಸಿದ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ಆತನು ವಿಧಿಸಿದನು. ಏಪ್ರಿಲಿನಲ್ಲಿ ನೂರಕ್ಕೆ ೧೮ರಷ್ಟಿದ್ದ ಸಾವು ಜೂನಿನ ವೇಳೆಗೆ ಸುಮಾರು ೨ಕ್ಕೆ ಇಳಿಯಿತು. ಆದರೂ ಸಮಕಾಲೀನರಲ್ಲಿ ಬಹುಮಂದಿ ಆತನನ್ನು ನಂಬಲಿಲ್ಲ. ೧೮೬೫ರಲ್ಲಿ, ೪೭ನೆಯ ವಯಸ್ಸಿನಲ್ಲಿ, ಹುಚ್ಚಾಸ್ಪತ್ರೆಯೊಂದರಲ್ಲಿ ಗಾಯವು ನಂಜೇರಿಯೇ ಆತನು ತೀರಿಕೊಂಡನು.

೧೮೭೯ರಲ್ಲಿ ಪಾಸ್ತರನು ಸೂತಿಕಾಜ್ವರದ ರೋಗಾಣುವನ್ನು ತೋರಿಸಿಕೊಟ್ಟನು. ೧೮೯೨ರಲ್ಲಿ ಫೈಫರನು ಕಾಲರಾ ರೋಗಾಣುವಿನ ಒಡಲಿನಲ್ಲಿಯೇ ಒಂದು ವಿಷವಿದೆಯೆಂದೂ, ಅಣು ಸತ್ತಮೇಲೂ ಅದು ಉಳಿಯುವುದೆಂದೂ ಕಂಡು, ಅದಕ್ಕೆ ಎಂಡೊಟಾಕ್ಸಿನ್ ಎಂದರೆ ಅಂತರ್ವಿಷವೆಂಬ ಹೆಸರಿಟ್ಟನು. ನಂಜೆಂಬ ಶಬ್ದವು ಇಲ್ಲಿಗೆ ಅಕ್ಷರಶಃ ನಿಜವಾದಂತೆ ತೋರಿತು.

ಹಾಗೆ ತೋರಿದುದು ಪೂರ್ಣ ನಿಜವಲ್ಲವೆಂದು ತಿಳಿಸಿದುದು ಇಲಿಗಳ ಒಂದು ತಳಿ. ಬೇರೆ ಇಲಿಗಳನ್ನು ಕೊಲ್ಲುವಷ್ಟು ಅಂತರ್ವಿಷವನ್ನು ಚುಚ್ಚಿದರೂ ಈ ತಳಿಯ ಇಲಿಗಳಿಗೆ ಏನೂ ಆಗುತ್ತಿರಲಿಲ್ಲ. ಅವುಗಳ ಒಂದು ಜೀನು ಕೆಟ್ಟಿದೆಯೆಂದೂ, ಅಂತರ್ವಿಷವನ್ನು ಗುರುತಿಸುವ ಗ್ರಾಹಕವು ಆ ದೋಷದಿಂದ ಕೆಲಸಮಾಡುತ್ತಿಲ್ಲವೆಂದೂ ಬ್ರೂಸ್ ಬಾಯ್ಟ್ಲರ್ ಮತ್ತು ಸಂಗಡಿಗರು ೧೯೯೮ರಲ್ಲಿ ಕಂಡರು. ಗುರುತಿಸಲಾರದ ದೇಹಕ್ಕೆ ಅದು ವಿಷವೇ ಅಲ್ಲ! ಕೊಲ್ಲುವುದು ಆ ವಸ್ತುವಲ್ಲ, ಅದನ್ನು ಕಂಡೊಡನೆ ದೇಹವು ಎಬ್ಬಿಸುವ ಕೋಲಾಹಲ. ಆದರೆ ಇವೇ ಇಲಿಗಳಿಗೆ ಅದೇ ಜಾತಿಯ ಜೀವಂತ ರೋಗಾಣುಗಳನ್ನು ಹೊಗಿಸಿದರೆ ಅವು ಇತರ ಇಲಿಗಳಿಗಿಂತ ಸುಲಭವಾಗಿ ಸಾಯುತ್ತವೆ. ಕೊಲ್ಲಬಲ್ಲ ಕೋಲಾಹಲವೇ ಕಾಯುವ ಕಾವಲೂ ಆಗಿದೆ. ಈ ರೋಗದ ಮರ್ಮವೆಲ್ಲ ಇಷ್ಟರಲ್ಲಿದೆ.

ಬೆರಳಿಗೆ ಮುಳ್ಳು ಚುಚ್ಚಿದಾಗ ಆ ಜಾಗ ಬಿಸಿಯಾಗಿ ಊದುವುದು ಕಾವಲಿನ ಕೆಲಸ. ರಕ್ತನಾಳಗಳು ಅಗಲವಾಗಿ, ಗೋಡೆ ಸಡಿಲಿ, ಬಿಳಿಯ ರಕ್ತಕಣಗಳು ಅಲ್ಲಿಗೆ ನುಗ್ಗುತ್ತವೆ. ಇವನ್ನು ಕರೆಯುವವು ಸೈಟೊಕೈನ್ ಎಂಬ ಸಂದೇಶದ್ರವ್ಯಗಳು. ಇದೇ ಕ್ರಿಯೆ ಮೈಯೆಲ್ಲೆಡೆ ಒಮ್ಮೆಗೇ ನಡೆದರೆ ರಕ್ತದ ಒತ್ತಡ ಕುಸಿಯುತ್ತದೆ, ನಾಳಗಳಿಂದ ನೀರು ಸೋರುತ್ತದೆ, ಕಿರುನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಮೂತ್ರಪಿಂಡ, ಶ್ವಾಸಕೋಶ, ಮಿದುಳು ಒಂದೊಂದಾಗಿ ಸೋಲುತ್ತವೆ. ಆದುದರಿಂದಲೇ ೨೦೧೬ರಲ್ಲಿ ತಜ್ಞರು ಮಾಡಿದ ಲಕ್ಷಣವಾಕ್ಯದಲ್ಲಿ ಕೊಳೆತದ ಮಾತೂ ಇಲ್ಲ, ವಿಷದ ಮಾತೂ ಇಲ್ಲ: ಸೋಂಕಿಗೆ ದೇಹವು ತೋರುವ ಪ್ರತಿಕ್ರಿಯೆ ಹದತಪ್ಪಿ, ಅಂಗಗಳು ಪ್ರಾಣಾಪಾಯವಾಗುವಷ್ಟು ಕೆಡುವುದೇ ಸೆಪ್ಸಿಸ್.

ಪ್ರತಿಕ್ರಿಯೆಯೇ ಕೊಲ್ಲುವುದಾದರೆ ಅದನ್ನು ಅಡಗಿಸಿದರೆ ಸಾಲದೆ ಎಂದು ಕೇಳಬಹುದು. ೧೯೯೦ರ ದಶಕದಲ್ಲಿ ಸೈಟೊಕೈನುಗಳನ್ನು ತಡೆಯುವ ಔಷಧಗಳನ್ನು ಬಹಳ ಆಸೆಯಿಂದ ಪರೀಕ್ಷಿಸಿದರು, ಫಲ ದೊರೆಯಲಿಲ್ಲ. ಇಲಿಗಳ ಪಾಠವನ್ನು ನೆನೆದರೆ ಇದು ಅಷ್ಟೇನೂ ಅಚ್ಚರಿಯಲ್ಲ. ಹೆಪ್ಪುಗಟ್ಟುವಿಕೆಯನ್ನು ತಡೆಯುವ ಒಂದು ಔಷಧಕ್ಕೆ ೨೦೦೧ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತರೂ, ೨೦೧೧ರಲ್ಲಿ ಅದನ್ನು ಹಿಂದೆಗೆದುಕೊಳ್ಳಬೇಕಾಯಿತು. ಸೋಂಕಿನ ಮೂಲವನ್ನು ಹುಡುಕಿ ತೆಗೆಯುವುದು, ತಕ್ಕ ಆಂಟಿಬಯೋಟಿಕ್ಕನ್ನು ಬೇಗನೆ ಕೊಡುವುದು, ನಾಳಗಳಿಗೆ ದ್ರವ ತುಂಬಿ ಒತ್ತಡವನ್ನು ಎತ್ತಿಹಿಡಿಯುವುದು, ಇವೇ ಇಂದಿಗೂ ಮುಖ್ಯ ಚಿಕಿತ್ಸೆ. ಒತ್ತಡ ಕುಸಿದ ರೋಗಿಗೆ ಒಂದು ಗಂಟೆಯೊಳಗೆ ಔಷಧ ಬೀಳಬೇಕೆಂಬುದು ವೈದ್ಯರ ನಿಯಮ. ೨೦೧೭ರಲ್ಲಿ ಲೋಕದಲ್ಲಿ ಸುಮಾರು ೪ ಕೋಟಿ ೮೯ ಲಕ್ಷ ಜನ ಇದಕ್ಕೆ ತುತ್ತಾದರೆಂದೂ, ೧ ಕೋಟಿ ೧೦ ಲಕ್ಷ ಜನ ಸತ್ತರೆಂದೂ ಅಂದಾಜು. ಆ ವರ್ಷದ ಸಾವುಗಳಲ್ಲಿ ಐದರಲ್ಲೊಂದು ಪಾಲು.

ಕೆಲವರು ಬಳಸುವ ‘ರಕ್ತನಂಜು’ ಎಂಬ ಸಮಾಸವು ಸೊಗಸಾಗಿದ್ದರೂ ಸರಿಯಾದುದಲ್ಲ. ಅನೇಕ ರೋಗಿಗಳ ರಕ್ತವನ್ನು ಪರೀಕ್ಷಿಸಿದರೆ ಒಂದು ರೋಗಾಣುವೂ ಸಿಕ್ಕುವುದಿಲ್ಲ. ನಂಜೆಂಬ ಹಳೆಯ ಶಬ್ದವನ್ನೇ ಉಳಿಸಿಕೊಳ್ಳುವುದು ಲೇಸು. ಆದರೆ ಅದನ್ನು ಗಾಯದಿಂದ ಬಿಡಿಸಬೇಕು. ಪುಪ್ಪುಸದ ಜ್ವರದಿಂದಲೋ ಮೂತ್ರದ ಸೋಂಕಿನಿಂದಲೋ ಮಲಗಿದ ಮುದುಕರೊಬ್ಬರು ಏದುಸಿರು ಬಿಡುತ್ತಾ, ಮಾತು ತೊದಲುತ್ತಾ, ಹೊತ್ತು ಕಳೆದರೂ ಮೂತ್ರ ಹೋಗದೆ ಮೈ ತಣ್ಣಗಾದಾಗ, ಮನೆಯವರು ಗಾಯವನ್ನು ಹುಡುಕಿದರೆ ಅದು ಎಲ್ಲಿಯೂ ಕಾಣುವುದಿಲ್ಲ. ಎಷ್ಟೋ ವೇಳೆ ಜ್ವರವೂ ಇರುವುದಿಲ್ಲ. ಆದರೂ ಅದು ನಂಜೇ ಆಗಿರಬಹುದು. ಅವರನ್ನು ಆಸ್ಪತ್ರೆಗೆ ಒಯ್ಯತಕ್ಕದ್ದು ಆ ಗಳಿಗೆಯಲ್ಲಿಯೇ.