ರೆಕ್ಕೆ ಎತ್ತಿ ಸತ್ತ ನೊಣದ ಜಾಡು ಹಿಡಿದು

ನೊಣ ಸತ್ತರೆ ಸಾಮಾನ್ಯವಾಗಿ ಕಾಲು ಮೇಲಾಗಿ ಬಿದ್ದಿರುತ್ತದೆ. ಎಂಟಮಾಫ್ತೊರಾ ಮಸ್ಕೆ ಎಂಬ ಶಿಲೀಂಧ್ರಕ್ಕೆ ಬಲಿಯಾದ ನೊಣ ಹಾಗಲ್ಲ. ಹುಲ್ಲಿನ ತುದಿಯಲ್ಲೋ ಕಿಟಕಿ ಗಾಜಿನ ಮೇಲೋ ಬದುಕಿರುವಂತೆಯೇ ಕೂತಿರುತ್ತದೆ. ಹೊರಚಾಚಿದ ಸೊಂಡಿಲು ಕೂತ ಜಾಗಕ್ಕೇ ಅಂಟಿಕೊಂಡಿರುತ್ತದೆ. ರೆಕ್ಕೆಗಳೆರಡೂ ಬೆನ್ನು ಬಿಟ್ಟು ಮೇಲಕ್ಕೆದ್ದಿರುತ್ತವೆ. ಉಬ್ಬಿದ ಹೊಟ್ಟೆಯ ಮೇಲೆ ಬಿಳಿ ಪಟ್ಟೆಗಳು, ಸುತ್ತ ಅಕ್ಕಿಹಿಟ್ಟು ಉದುರಿಸಿದಂಥ ಬಿಳಿ ವರ್ತುಲ.

ಆ ಪಟ್ಟೆ ನೊಣದ ಮೈಬಣ್ಣವಲ್ಲ. ಹೊಟ್ಟೆಯ ಗಟ್ಟಿ ಫಲಕಗಳ ನಡುವಿನ ಮೆದು ಪೊರೆಯನ್ನು ಸೀಳಿಕೊಂಡು ಹೊರಬಂದ ಶಿಲೀಂಧ್ರ ಅದು. ಅದರ ತುದಿಗಳಿಂದ ಬೀಜಕಗಳು ಸೆಕೆಂಡಿಗೆ ಸುಮಾರು 10 ಮೀಟರ್ ವೇಗದಲ್ಲಿ ಸಿಡಿಯುತ್ತವೆ. ಎತ್ತರದಲ್ಲಿ ಕೂತು ರೆಕ್ಕೆ ಸರಿಸಿಕೊಂಡ ಶವಕ್ಕಿಂತ ಒಳ್ಳೆಯ ಜಾಗ ಅವಕ್ಕೆ ಬೇರೆ ಬೇಕಿಲ್ಲ. ಸೋಂಕು ತಗುಲಿದ 4ರಿಂದ 7 ದಿನಗಳಲ್ಲಿ, ಹೆಚ್ಚಾಗಿ ಹೊತ್ತು ಮುಳುಗುವ ವೇಳೆಗೆ, ನೊಣ ಸಾಯುತ್ತದೆ. ಮುಂದಿನದು ತಂಪಿನ, ತೇವದ ರಾತ್ರಿ. ಬೀಜಕಗಳಿಗೆ ಬೇಕಾದದ್ದೂ ಅದೇ.

ಜರ್ಮನ್ ವಿಜ್ಞಾನಿ ಫರ್ಡಿನಾಂಡ್ ಕೋನ್ ಇದನ್ನು 1855ರಲ್ಲೇ ವರ್ಣಿಸಿದ್ದರು. ನೊಣ ಸಾಯುವ ಮುನ್ನ ಮೇಲೇರುವುದೇಕೆ ಎಂಬುದು ಮಾತ್ರ ಬಹುಕಾಲ ಒಗಟಾಗಿಯೇ ಉಳಿದಿತ್ತು. 2015ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಸಂಶೋಧಕಿ ಕ್ಯಾರೊಲಿನ್ ಎಲ್ಯಾ ಅವರಿಗೆ ತಮ್ಮ ಹಿತ್ತಿಲಲ್ಲೇ ಈ ರೋಗ ತಗುಲಿದ ಕಾಡು ಹಣ್ಣುನೊಣಗಳು ಸಿಕ್ಕವು. ಶಿಲೀಂಧ್ರ ಪ್ರಯೋಗಾಲಯಕ್ಕೆ ಬಂತು. ಅದು ಮಿದುಳನ್ನೂ ಹೊಗುತ್ತದೆ, ನೊಣದ ದಿನಚರಿಯ ನರಕೋಶಗಳನ್ನೂ ಹಾರ್ಮೋನನ್ನೂ ಬಳಸಿಕೊಂಡೇ ಅದನ್ನು ಮೇಲೇರಿಸುತ್ತದೆ ಎಂದು ಅವರ ತಂಡ 2023ರಲ್ಲಿ ತೋರಿಸಿತು. ಹಿತ್ತಿಲಲ್ಲಿ ಸತ್ತ ನೊಣವನ್ನು ಒಬ್ಬರು ಗಮನವಿಟ್ಟು ನೋಡಿದ್ದರಿಂದ ಇಷ್ಟೆಲ್ಲ ತಿಳಿಯಿತು.

ಕೊಂದದ್ದು ಯಾವುದು ಎಂದು ಹುಡುಕುವ ಆತುರದಲ್ಲಿ ಸತ್ತದ್ದು ಯಾವುದು ಎಂಬುದನ್ನೇ ಮರೆಯುವವರು ಹೆಚ್ಚು. ನನ್ನ ಪ್ರಕಾರ ಕೆಲಸ ನೊಣದಿಂದಲೇ ಶುರುವಾಗಬೇಕು. ಈ ಕುಲದ ಶಿಲೀಂಧ್ರಗಳಲ್ಲಿ ಹಲವು ತಮ್ಮ ನೊಣವನ್ನು ಆರಿಸಿಕೊಳ್ಳುತ್ತವೆ: ಹೂವಿನ ಮುಂದೆ ಗಾಳಿಯಲ್ಲಿ ನಿಲ್ಲುವ ಹೋವರ್ ನೊಣಕ್ಕೆ ಒಂದು, ಸಗಣಿ ನೊಣಕ್ಕೆ ಇನ್ನೊಂದು. ಹೊಟ್ಟೆ ಉಬ್ಬಿ ಗುರುತು ಅಳಿಸಿರುತ್ತದೆ, ಆದ್ದರಿಂದ ಎದೆಯ ಮೇಲ್ಭಾಗ ನೋಡಿ. ನಾಲ್ಕು ಕಪ್ಪು ಗೆರೆಗಳಿದ್ದರೆ ಮನೆನೊಣ ಇರಬಹುದು; ಮೂರಿದ್ದರೆ ಮಾಂಸದ ನೊಣ. ರೆಕ್ಕೆಯ ನಾಳಗಳು ಇನ್ನೂ ಖಚಿತ ಸಾಕ್ಷಿ. ಶಿಲೀಂಧ್ರದ ಸರದಿ ಆಮೇಲೆ. ಸೂಕ್ಷ್ಮದರ್ಶಕದಡಿ ಇದರ ಬೀಜಕ ಗಂಟೆಯಾಕಾರದಲ್ಲಿ ಕಾಣುತ್ತದೆ. ಬಣ್ಣ ಹಾಕಿ ಅದರೊಳಗಿನ ಕೋಶಕೇಂದ್ರಗಳನ್ನು ಎಣಿಸಿ ಹತ್ತಿರದ ಪ್ರಭೇದಗಳನ್ನು ಬೇರ್ಪಡಿಸುತ್ತಾರೆ.

ಬಿಳಿ ಬೂಷ್ಟೆಲ್ಲ ಇದೇ ಅಲ್ಲ. ಬ್ಯುವೇರಿಯಾ ಎಂಬ ಶಿಲೀಂಧ್ರ ಕೀಟದ ಇಡೀ ಮೈಗೆ ಸುಣ್ಣ ಬಳಿದಂತೆ ಆವರಿಸುತ್ತದೆ, ಬೀಜಕ ಸಿಡಿಸುವುದಿಲ್ಲ, ಸುತ್ತ ವರ್ತುಲವೂ ಇರುವುದಿಲ್ಲ. ನಮ್ಮ ರೇಷ್ಮೆ ಬೆಳೆಗಾರರು ಸುಣ್ಣಕಟ್ಟು ರೋಗ ಎನ್ನುವುದು ಇದರ ಕಾಟವನ್ನೇ. ಸ್ಟ್ರಾಂಗ್‌ವೆಲ್ಸಿಯಾ ಎಂಬ ಶಿಲೀಂಧ್ರ ಇನ್ನೂ ವಿಚಿತ್ರ. ಹೊಟ್ಟೆಗೆ ತೂತು ಕೊರೆದು, ನೊಣ ಹಾರಾಡುತ್ತಿರುವಾಗಲೇ ಬೀಜಕ ಉದುರಿಸುತ್ತದೆ. ಇದರ ಎರಡು ಹೊಸ ಪ್ರಭೇದಗಳನ್ನು 2020ರಲ್ಲಿ ಡೆನ್ಮಾರ್ಕ್‌ನಿಂದ ವರ್ಣಿಸಲಾಯಿತು.

ರೆಕ್ಕೆ ಎತ್ತಿ ಸತ್ತ ನೊಣ ಕಂಡರೆ ಒರೆಸಿ ಹಾಕಬೇಡಿ. ಮೇಲಿನಿಂದ, ಪಕ್ಕದಿಂದ ಫೋಟೊ ತೆಗೆಯಿರಿ. ಕೂತಿದ್ದ ಗಿಡ, ಊರು, ದಿನಾಂಕ ಬರೆದು ಕಾಗದದ ಲಕೋಟೆಯಲ್ಲಿಡಿ. ಪ್ಲಾಸ್ಟಿಕ್ ಚೀಲ ಬೇಡ. ತೇವ ನಿಂತು ಬೇರೆ ಬೂಷ್ಟು ಬೆಳೆದರೆ ಮೂಲ ಶಿಲೀಂಧ್ರವನ್ನು ಗುರುತಿಸುವುದು ಕಷ್ಟ.