ಹೊಸ ಆರ್‌ವಿ ಬೇಡ ಅಂದಿದ್ದು ಅಪ್ಪ

ನಾವು ಅಮೆರಿಕದ ಮಿಶಿಗನ್‌ಗೆ ಬಂದು ಎಂಟು ವರ್ಷವಾಯ್ತು. ಬೇಸಿಗೆ ಬಂತೆಂದರೆ ಪಕ್ಕದ ಮನೆಯವರು ಪಿಕಪ್ ಹಿಂದೆ ಟ್ರೇಲರ್ ಕಟ್ಟಿಕೊಂಡು ಹೊರಡೋದನ್ನ ನೋಡಿ ನೋಡಿ ನಮಗೂ ಆಸೆ ಹತ್ತಿತ್ತು. ಮಂಚ, ಪುಟ್ಟ ಅಡುಗೆಮನೆ, ಟಾಯ್ಲೆಟ್ಟು ಎಲ್ಲವೂ ಗಾಲಿ ಮೇಲೆ. ಇಲ್ಲಿ ಇದಕ್ಕೆ ಆರ್‌ವಿ ಅಂತಾರೆ. ನಮ್ಮೂರಲ್ಲಿ ಟೆಂಪೋ ಟ್ರಾವೆಲರ್‌ನಲ್ಲಿ ಪಾತ್ರೆ, ಗ್ಯಾಸ್ ಸ್ಟವ್ ಹೇರಿಕೊಂಡು ಧರ್ಮಸ್ಥಳಕ್ಕೆ ಹೊರಡ್ತಾರಲ್ಲ, ಅದರ ದೊಡ್ಡಣ್ಣ ಅಂದುಕೊಳ್ಳಿ.

ನನ್ನ ಗಂಡನಿಗೆ ಹೊಸದೇ ಬೇಕಿತ್ತು. ಶೋರೂಮಿಗೂ ಹೋಗಿ ಬಂದೆವು. 34 ಸಾವಿರ ಡಾಲರ್ ಸಾಲ, ಶೇ 9 ಬಡ್ಡಿ, 15 ವರ್ಷ. ಸೇಲ್ಸ್‌ನವನು ತಿಂಗಳ ಕಂತು 345 ಡಾಲರ್ ಅಂತ ಮಾತ್ರ ಹೇಳಿದ. ಮನೆಗೆ ಬಂದು ನಾನು ಲೆಕ್ಕ ಹಾಕಿದರೆ ಒಟ್ಟು 62 ಸಾವಿರ! ಇನ್ನೊಂದು ಮಾತೂ ತಲೆಯಲ್ಲಿ ಕೊರೀತಿತ್ತು. ಅವರದ್ದು ಎಚ್-1ಬಿ, ನನ್ನದು ಅದಕ್ಕೇ ಅಂಟಿಕೊಂಡ ವೀಸಾ. ಅವರ ಕೆಲಸ ಹೋದರೆ ಇನ್ನೊಂದು ಹುಡುಕಿಕೊಳ್ಳೋಕೆ ಹೆಚ್ಚೆಂದರೆ 60 ದಿನ. ನಾಳೆ ಗಂಟುಮೂಟೆ ಕಟ್ಟಬೇಕಾಗಿ ಬಂದರೆ ಈ ಸಾಲದ ಗಾಡಿಯನ್ನ ಏನು ಮಾಡೋದು? ಶೋರೂಮಿನಿಂದ ಹೊರಬಿದ್ದ ದಿನದಿಂದಲೇ ಇದರ ಬೆಲೆ ಇಳಿಯುತ್ತೆ. ಮೊದಲ ಕೆಲವು ವರ್ಷ ಸಾಲ ಇಳಿಯೋದಕ್ಕಿಂತ ಬೆಲೆಯೇ ಬೇಗ ಇಳಿಯುತ್ತೆ.

ಆಗ ಅಪ್ಪ ಆರು ತಿಂಗಳಿಗೆಂದು ಬಂದಿದ್ದರು. ಹಾಸನದ ಕೆಎಸ್ಆರ್‌ಟಿಸಿ ಡಿಪೋದಲ್ಲಿ ಬಾಡಿ ಕೆಲಸ ಮಾಡಿ ರಿಟೈರ್ ಆದವರು. ನಮ್ಮ ಜಗಳ ಎರಡು ದಿನ ಕೇಳಿಸಿಕೊಂಡು, ಮೂರನೇ ದಿನ ಕಾಫಿ ಕುಡೀತಾ ಕೇಳಿದರು: "ಹಳೇದು ಸಿಗಲ್ವೇನಮ್ಮಾ?"

ಸಿಗುತ್ತೆ. ಕೊರೊನಾ ಸಮಯದಲ್ಲಿ ಇಲ್ಲಿ ಜನ ಮುಗಿಬಿದ್ದು ಕೊಂಡಿದ್ದರು. 2021ರಲ್ಲಿ ಒಂದೇ ವರ್ಷ 6 ಲಕ್ಷ ಆರ್‌ವಿಗಳು ಕಾರ್ಖಾನೆಯಿಂದ ಹೊರಬಿದ್ದವು. ನಾವು ಕೊಂಡಿದ್ದು ಅದಕ್ಕಿಂತ ಎಷ್ಟೋ ಹಿಂದಿನದು, 2007ರ ಟ್ರೇಲರ್, 23 ಅಡಿ. ವಯಸ್ಸಾದ ದಂಪತಿ 6 ಸಾವಿರಕ್ಕೆ ಕೊಟ್ಟರು.

ಕೊಳ್ಳೋ ಮುಂಚೆ ಅಪ್ಪ ಅದನ್ನು ನೋಡಿದ ರೀತಿಯೇ ಬೇರೆ. ನಾವು ಸೋಫಾ, ಪರದೆ ನೋಡ್ತಿದ್ದರೆ ಅವರು ಚಪ್ಪಲಿ ಬಿಚ್ಚಿಟ್ಟು ಬಾಗಿಲ ಹತ್ತಿರ, ಮೂಲೆಗಳಲ್ಲಿ ಹಿಮ್ಮಡಿ ಊರಿ ಊರಿ ನಡೆದರು. ಮಂಚದ ಹಿಂದಿನ ಗೋಡೆಗೆ ಹಲಸಿನ ಹಣ್ಣಿಗೆ ಬಡಿದ ಹಾಗೆ ಬೆರಳ ಗೆಣ್ಣಿಂದ ಬಡಿದರು. ಬೀರು ತೆರೆದು ಮೂಸಿದರು. "ಗಾಡಿ ಹಳೇದಾದ್ರೆ ಪರವಾಗಿಲ್ಲ, ನೀರು ಕುಡಿದಿರಬಾರದು. ಇದು ಒಂದು ಮೂಲೇಲಿ ಕುಡಿದೈತೆ" ಅಂದರು. ಮಾಲೀಕರಿಗೂ ಅದು ಗೊತ್ತಿರಲಿಲ್ಲ, ಪಾಪ. ಅದಕ್ಕೇ 7 ಸಾವಿರ ಹೇಳಿದ್ದವರು ಒಂದು ಸಾವಿರ ಇಳಿಸಿದರು.

ನೀವೂ ಹಳೇ ಆರ್‌ವಿ ನೋಡೋಕೆ ಹೋದರೆ ಮೊದಲು ಹುಡುಕಬೇಕಾದ್ದು ಇದೇ. ಎಂಜಿನ್ನೋ ಫ್ರಿಜ್ಜೋ ಕೆಟ್ಟರೆ ಬದಲಾಯಿಸಬಹುದು. ಚಾವಣಿಯ ಸೀಲ್ ಬಿಟ್ಟು ನೀರು ಗೋಡೆಯೊಳಗೆ ಇಳಿದರೆ ಚೌಕಟ್ಟಿನ ಮರವೇ ಕೊಳೆಯುತ್ತೆ, ಹೊರಗಿಂದ ಏನೂ ಕಾಣಲ್ಲ. ತೇವ ಅಳೆಯೋ ಪುಟ್ಟ ಮೀಟರ್ ಸಿಗುತ್ತೆ. ಅಪ್ಪನಂಥವರು ಜೊತೆಗಿಲ್ಲದಿದ್ದರೆ ಅದನ್ನು ಕೊಳ್ಳಿ.

ಮನೆಗೆ ತಂದು ಒಳಗಿನ ಹಲಗೆ ಕಿತ್ತ ದಿನ ನಾನು ನಿಜಕ್ಕೂ ಅತ್ತೆ. ಅಪ್ಪ ಅಂದುಕೊಂಡಿದ್ದಕ್ಕಿಂತ ಎರಡರಷ್ಟು ಕೊಳೆತಿತ್ತು. ಮರದ ಪಟ್ಟಿ ಕೈಯಲ್ಲಿ ನೆನೆದ ರಸ್ಕಿನ ಹಾಗೆ ಉದುರ್ತಿತ್ತು. ಗಂಡ ಒಂದು ಮಾತೂ ಆಡಲಿಲ್ಲ. ಆಡಿದ್ದರೇ ಚೆನ್ನಾಗಿತ್ತು. ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಬೆಳಿಗ್ಗೆ ನೋಡಿದರೆ ಅಪ್ಪ ಆಗಲೇ ಒಳಗೆ ಕೂತು ಪಟ್ಟಿ ಅಳೀತಿದ್ದಾರೆ. "ಬಸ್ಸೂ ಹಿಂಗೇ ಕಣಮ್ಮ. ಒಳಗೆ ಚೌಕಟ್ಟು, ಹೊರಗೆ ತಗಡು. ಬಸ್ಸಿಗೆ ಕಬ್ಬಿಣ, ಇದಕ್ಕೆ ಮರ, ಅಷ್ಟೇಯ." ಸ್ವಲ್ಪ ಹೊತ್ತಿಗೆ ಗಂಡನೂ ಡ್ರಿಲ್ ಹಿಡಿದು ಹೋದರು. "ಮಾವ, ಇಲ್ಲಿ ಹಿಡ್ಕೊಳ್ಳಲಾ?" ಅಂತ ಕೇಳಿದ್ದು ಕಿಟಕಿಯಿಂದ ಕೇಳಿಸಿತು. ಮದುವೆಯಾದ ಮೇಲೆ ಮಾವ ಅಳಿಯ ಹವಾಮಾನ ಬಿಟ್ಟು ಬೇರೆ ಮಾತಾಡಿದ್ದನ್ನ ನಾನು ಕೇಳಿದ್ದು ಅದೇ ಮೊದಲು.

ಏಳು ವಾರಾಂತ್ಯ ಹಿಡಿಯಿತು. ಕೊಳೆತ ಮರ ತೆಗೆದು ಹೊಸ ಪಟ್ಟಿ, ಹೊಸ ಪ್ಲೈವುಡ್ ಹಾಕಿದೆವು. ಆದರೆ ಅದಕ್ಕೂ ಮೊದಲು ನೀರು ಬರೋ ದಾರಿ ಮುಚ್ಚಬೇಕಿತ್ತು. ಕಲೆ ಕಂಡ ಜಾಗದಲ್ಲೇ ತೂತು ಇರುತ್ತೆ ಅಂದುಕೊಳ್ಳಬೇಡಿ. ನಮ್ಮದು ನಾಲ್ಕು ಅಡಿ ಆಚೆ, ಚಾವಣಿಯ ಗಾಳಿಕಿಂಡಿ ಪಕ್ಕ ಇತ್ತು. ರಬ್ಬರ್ ಚಾವಣಿಗೆ ಅದಕ್ಕೆಂದೇ ಬರೋ ಸೀಲೆಂಟನ್ನೇ ಹಾಕಬೇಕು. ಬಾತ್‌ರೂಮಿಗೆ ಹಾಕೋ ಸಿಲಿಕಾನ್ ಬಳಿದರೆ ಮುಂದೆ ಅದರ ಮೇಲೆ ಬೇರೇನೂ ಅಂಟಲ್ಲ. ನಮ್ಮ ಗಾಡಿಗೆ ಹಿಂದೆ ಯಾರೋ ಬಳಿದಿದ್ದರು. ಅದನ್ನು ಕೆರೆಯೋಕೇ ಎರಡು ದಿನ ಹೋಯ್ತು.

ಟೈರ್ ನೋಡೋಕೆ ಹೊಸದರಂತೆ ಇತ್ತು. ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ ಓದಿದರೆ 3113, ಅಂದರೆ 2013ರ 31ನೇ ವಾರ ತಯಾರಾದದ್ದು. ಟ್ರೇಲರ್ ಟೈರ್ ಓಡಿ ಸವೆಯೋದಕ್ಕಿಂತ ನಿಂತಲ್ಲೇ ಹಳತಾಗೋದು ಜಾಸ್ತಿ. ನಾಲ್ಕನ್ನೂ ಬದಲಾಯಿಸಿದೆವು. ಬ್ರೇಕು, ಬೇರಿಂಗು, ಗ್ಯಾಸ್ ಲೈನು ಮಾತ್ರ ಮೆಕ್ಯಾನಿಕ್‌ಗೆ ಕೊಟ್ಟೆವು. ಅಪ್ಪನೂ ಗ್ಯಾಸ್ ಮುಟ್ಟಲಿಲ್ಲ. ಪರದೆ, ಕುಶನ್, ಬಣ್ಣ ನನ್ನ ಪಾಲಿನ ಕೆಲಸ. ಇನ್‌ಸ್ಟಾಗ್ರಾಮ್‌ನಲ್ಲಿ ಎಲ್ಲರೂ ತೋರಿಸೋದು ಇದನ್ನೇ, ನಮಗೆ ಹಿಡಿದಿದ್ದು ಒಂದೇ ಭಾನುವಾರ.

ರಿಪೇರಿ ಖರ್ಚು 3,400 ಡಾಲರ್ ಹತ್ತಿರ ಬಂತು. ಗಾಡಿಯ ಬೆಲೆ ಸೇರಿ ಒಂಬತ್ತೂವರೆ ಸಾವಿರದೊಳಗೆ, ಕೈಯಲ್ಲಿದ್ದ ದುಡ್ಡಲ್ಲೇ ಮುಗೀತು.

ತೊಂದರೆ ಇಲ್ಲ ಅಂತಲ್ಲ. ಕೆಲವು ಖಾಸಗಿ ಕ್ಯಾಂಪ್‌ಗಳು ಹತ್ತು ವರ್ಷ ದಾಟಿದ ಆರ್‌ವಿಗಳನ್ನು ಒಳಗೆ ಬಿಡಲ್ಲ, ಒಮ್ಮೆ ಫೋನಿನಲ್ಲೇ ಬೇಡ ಅನಿಸಿಕೊಂಡಿದ್ದೇವೆ. ಸರ್ಕಾರಿ ಪಾರ್ಕುಗಳಲ್ಲಿ ಈ ಕಿರಿಕಿರಿ ಎದುರಾಗಿಲ್ಲ. ಇನ್ನು ತೂಕ. 30 ಗ್ಯಾಲನ್ ನೀರು ತುಂಬಿಸಿದರೆ ಅದೇ 113 ಕೆಜಿ. ಆದ್ದರಿಂದ ಖಾಲಿ ಟ್ರೇಲರ್ ತೂಕ ನೋಡಿ ನಮ್ಮ ಕಾರು ಎಳೆಯುತ್ತೆ ಅಂದುಕೊಳ್ಳಬೇಡಿ, ತುಂಬಿದಾಗಿನ ಗರಿಷ್ಠ ತೂಕ ನೋಡಿ. ನಮ್ಮ ಹಳೇ ಎಸ್‌ಯುವಿಯಲ್ಲಿ ಆಗ್ತಿರಲಿಲ್ಲ. ಪಿಕಪ್ ಇದ್ದಿದ್ದಕ್ಕೆ ಬಚಾವು.

ಮೊದಲ ಪ್ರವಾಸ ಲಡಿಂಗ್ಟನ್ ಸ್ಟೇಟ್ ಪಾರ್ಕಿಗೆ. ಸಮುದ್ರದ ಹಾಗೆ ಕಾಣೋ ಮಿಶಿಗನ್ ಸರೋವರದ ದಂಡೆ. ರಾತ್ರಿ ಜೋರು ಮಳೆ. ಎಚ್ಚರವಾಗಿ ನೋಡಿದರೆ ಅಪ್ಪ ಟಾರ್ಚ್ ಹಿಡಿದು ಆ ಮೂಲೆ ಗೋಡೆ ಸವರ್ತಾ ಇದ್ದಾರೆ. "ಒಣಗೈತೆ, ಮಲಕ್ಕೊ" ಅಂದರು. ಮಗಳು ಮೇಲಿನ ಬಂಕ್‌ನಲ್ಲಿ ಗೊರಕೆ ಹೊಡೀತಿದ್ದಳು.

ಅಪ್ಪ ಅಕ್ಟೋಬರ್‌ನಲ್ಲಿ ಊರಿಗೆ ಹೋದರು. ಜನವರಿಯಲ್ಲಿ ಗಂಡನ ಕೆಲಸ ಹೋಯ್ತು. 60 ದಿನದಲ್ಲಿ 51ನೇ ದಿನ ಹೊಸ ಕೆಲಸದ ಆಫರ್ ಬಂತು. ಆ 51 ದಿನಗಳಲ್ಲಿ ಬಾಡಿಗೆ, ಸ್ಕೂಲು, ಟಿಕೆಟ್ ದರ ಎಲ್ಲವನ್ನೂ ಕೂತು ಲೆಕ್ಕ ಹಾಕಿದ್ದೇವೆ. ಹಿಮ ಹೊದ್ದು ಹಿತ್ತಲಲ್ಲಿ ನಿಂತಿದ್ದ ಟ್ರೇಲರ್ ಮಾತ್ರ ಆ ಲೆಕ್ಕದ ಹಾಳೆಯಲ್ಲಿ ಇರಲಿಲ್ಲ.

ಈಗ ಮತ್ತೆ ಏಪ್ರಿಲ್. ಗ್ಯಾಸಿನಲ್ಲಿ ಫ್ರಿಜ್ ಇನ್ನೂ ಸರಿಯಾಗಿ ತಣ್ಣಗಾಗ್ತಿಲ್ಲ, ಮೊಸರು ಹುಳಿ ಬರುತ್ತೆ. ನಿನ್ನೆ ವಿಡಿಯೊ ಕಾಲ್‌ನಲ್ಲಿ ಅಪ್ಪ ಕ್ಯಾಮೆರಾ ಹಿಂದಕ್ಕೆ ತಿರುಗಿಸಿ ಅದರ ಬೆನ್ನು ತೋರಿಸು ಅಂದರು. ಅರ್ಧ ಗಂಟೆ ನೋಡಿದ ಮೇಲೆ, "ಅಳಿಯಂದಿರಿಗೆ ಫೋನ್ ಕೊಡು, ನಿಂಗೆ ಅರ್ಥ ಆಗಲ್ಲ" ಅಂದರು.