ನದಿ ಇಲ್ಲದ ಸೀಮೆಯಲ್ಲಿ ಊರು ಹುಟ್ಟಿದ್ದು ಹೇಗೆ?

ನೈಲ್ ನದಿಯ ದಡದಲ್ಲಿ ಈಜಿಪ್ಟ್, ಸಿಂಧೂ ಬಯಲಿನಲ್ಲಿ ಮೊಹೆಂಜೊದಾರೊ ಬೆಳೆದ ಕಥೆ ನಿಮ್ಮ ಪಾಠದಲ್ಲಿ ಬಂದಿರುತ್ತದೆ. ನಮ್ಮ ರಾಜ್ಯದಲ್ಲೂ ಕಾವೇರಿ, ಕಪಿಲೆ ಕೂಡುವ ತಿರುಮಕೂಡಲು ನರಸೀಪುರದಲ್ಲಿ, ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಅಗೆದಾಗ ನವಶಿಲಾಯುಗದ ಜನ ಬಾಳಿದ ಗುರುತುಗಳು ಸಿಕ್ಕಿವೆ. ಕುಡಿಯಲು ನೀರು, ದನಕರುಗಳಿಗೆ ಮೇವು, ಹೊಳೆ ಇಳಿದ ಮೇಲೆ ಉಳಿಯುವ ಮೆಕ್ಕಲು ಮಣ್ಣು, ಮಡಕೆಗೆ ಜೇಡಿಮಣ್ಣು, ಊಟಕ್ಕೆ ಮೀನು. ಇಷ್ಟೆಲ್ಲ ಒಂದೇ ಕಡೆ ಸಿಕ್ಕರೆ ಯಾರು ತಾನೆ ಬಿಟ್ಟು ಹೋಗುತ್ತಾರೆ?

ಆದರೆ ನಮ್ಮ ಬೆಳ್ಳಾವಿ ಕಡೆಯ ಮಕ್ಕಳು, "ತಾತ, ನಮ್ಮಲ್ಲಿ ಅಂಥ ದೊಡ್ಡ ಹೊಳೆಯೇ ಇಲ್ಲವಲ್ಲ, ಇಷ್ಟೊಂದು ಹಳ್ಳಿಗಳು ಎಲ್ಲಿಂದ ಬಂದವು?" ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ.

ಶಿಂಷಾ, ಜಯಮಂಗಲಿ ಎರಡೂ ಹುಟ್ಟುವುದು ತುಮಕೂರಿನ ಪಕ್ಕದ ದೇವರಾಯನದುರ್ಗದ ಬೆಟ್ಟಗಳಲ್ಲಿ. ಒಂದೇ ಬೆಟ್ಟಕ್ಕೆ ಬಿದ್ದ ಮಳೆಯಲ್ಲಿ ಒಂದು ಪಾಲು ಶಿಂಷೆಯಾಗಿ ಕಾವೇರಿಗೆ, ಇನ್ನೊಂದು ಪಾಲು ಜಯಮಂಗಲಿಯಾಗಿ ಉತ್ತರ ಪಿನಾಕಿನಿಗೆ! ತವರಿನಲ್ಲಿ ಮಾತ್ರ ಎರಡೂ ಇನ್ನೂ ಕೂಸುಗಳು. ಮಳೆಗಾಲ ಮುಗಿದರೆ ಬೇಗ ಬತ್ತುತ್ತವೆ.

ಹರಿಯುವ ನೀರನ್ನು ನಂಬುವಂತಿಲ್ಲ ಎಂದಾಗ ನಮ್ಮ ಹಿರಿಯರು ಅದನ್ನು ನಿಲ್ಲಿಸಿಕೊಂಡರು. ಎರಡು ದಿಣ್ಣೆಗಳ ನಡುವೆ ಹಳ್ಳಕ್ಕೆ ಅಡ್ಡವಾಗಿ ಮಣ್ಣಿನ ಏರಿ ಹಾಕಿ ಕೆರೆ ಮಾಡಿದರು. ಗುಬ್ಬಿ ತಾಲ್ಲೂಕಿನ ಕಡಬದ ಕೆರೆಗಂತೂ ಶಿಂಷೆಗೇ ಏರಿ ಕಟ್ಟಿದ್ದಾರೆ. ಊರ್ಡಿಗೆರೆ, ತೋವಿನಕೆರೆ, ಕೊರಟಗೆರೆ: ಊರಿನ ಹೆಸರಲ್ಲೇ ಕೆರೆ ಕೂತಿದೆ, ನೋಡಿ.

ಏರಿಯ ಕೆಳಗಿನ ಅಚ್ಚುಕಟ್ಟಿನಲ್ಲಿ ಗದ್ದೆ, ತೋಟ. ಗದ್ದೆಗೆ ನೀರು ಬಿಡಲು ತೂಬು, ಅದನ್ನು ಸರದಿಯಂತೆ ಹಂಚಲು ನೀರುಗಂಟಿ. ಬೇಸಿಗೆಯಲ್ಲಿ ತಳದ ಗೋಡುಮಣ್ಣನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆದರೆ ಅದೇ ಗೊಬ್ಬರ. ನದಿ ತಾನಾಗಿ ತಂದು ಹಾಕುವ ಮೆಕ್ಕಲನ್ನು ಇಲ್ಲಿ ಎತ್ತುಗಳು ಹೊತ್ತವು. ಕೆರೆ ತುಂಬಿದರೆ ಸುತ್ತಲ ಬಾವಿಗಳಲ್ಲೂ ನೀರು ಮೇಲೇರುತ್ತದೆ. ಹೆಚ್ಚಾದ ನೀರು ಕೋಡಿಯಿಂದ ಇಳಿದು ಕೆಳಗಿನ ಕೆರೆಗೆ, ಅಲ್ಲಿಂದ ಮುಂದಿನ ಕೆರೆಗೆ. ಕಡ್ಡಿಯಷ್ಟು ನೀರೂ ಸುಮ್ಮನೆ ಹೋಗಬಾರದೆಂಬ ಈ ಲೆಕ್ಕಾಚಾರ, ಬ್ಯಾಂಕಿನ ಲೆಡ್ಜರ್ ಬರೆದ ನನಗೆ ಇಂದಿಗೂ ಬೆರಗು.

ಆ ಲೆಡ್ಜರ್‌ನಲ್ಲೇ ಮತ್ತೊಂದನ್ನೂ ಕಂಡೆ. ಮೊದಮೊದಲು ರೈತರು ಬಾವಿ ತೋಡಿಸಲು ಸಾಲ ಕೇಳುತ್ತಿದ್ದರು, ಆಮೇಲೆ ಕೊಳವೆಬಾವಿಗೆ, ಕೊನೆಗೆ ಬತ್ತಿದ ಕೊಳವೆಬಾವಿಯ ಪಕ್ಕ ಇನ್ನೊಂದಕ್ಕೆ. ನೀರು ನೆಲದಡಿಯಿಂದ ಬರುವಾಗ ಕೆರೆ ಯಾರಿಗೆ ನೆನಪಾಗುತ್ತದೆ? ಅಂಗಳದಲ್ಲಿ ಜಾಲಿ ಬೆಳೆಯಿತು, ಕಾಲುವೆ ಹೊಲಗಳ ಪಾಲಾಯಿತು. ಈಗ ತುಮಕೂರು ನಗರ ಕುಡಿಯುವುದು ಹಾಸನ ಜಿಲ್ಲೆಯ ಗೊರೂರಿನಿಂದ ನಾಲೆಯಲ್ಲಿ ಬುಗುಡನಹಳ್ಳಿಗೆ ಬರುವ ಹೇಮಾವತಿ ನೀರನ್ನು. ನದಿಯ ಬಳಿ ನಾವು ಹೋಗಲಿಲ್ಲ, ನದಿಯನ್ನೇ ಕರೆಸಿಕೊಂಡೆವು. ನಾಲೆ ನಿಂತ ದಿನ ಕೊಡ ಹಿಡಿದು ನೋಡುವುದು ಮತ್ತೆ ನಮ್ಮ ಕೆರೆಯ ಕಡೆಗೇ.

ನಿಮ್ಮೂರ ಕೆರೆ ಕೋಡಿ ಬಿದ್ದರೆ ನೀರು ಯಾವ ಕೆರೆಗೆ ಹೋಗುತ್ತದೆ ಎಂದು ಅಜ್ಜಿಯನ್ನು ಕೇಳಿ. ರಜೆಯಲ್ಲಿ ದೊಡ್ಡವರೊಬ್ಬರ ಜೊತೆ ಆ ಕಾಲುವೆ ಹಿಡಿದು ನಡೆಯಿರಿ. ಅದು ಎಲ್ಲಿ ಕಾಣೆಯಾಗುತ್ತದೋ ಆ ಜಾಗವನ್ನು ಗುರುತು ಹಾಕಿಕೊಳ್ಳಿ.